ಮೊದಲ ಎಲೆಕ್ಟ್ರಿಕ್ ಗಿಟಾರ್, ಮೊದಲ ಆ್ಯಂಪ್: 25 ಸಾವಿರದೊಳಗೆ ಒಳ್ಳೆಯದನ್ನು ಆರಿಸುವುದು ಹೇಗೆ?

ಎಲೆಕ್ಟ್ರಿಕ್ ಗಿಟಾರ್ ತಗೋಬೇಕು ಅಂದ ತಕ್ಷಣ ಎಲ್ಲರೂ ಮೊದಲು ಬ್ರ್ಯಾಂಡ್ ಕೇಳುತ್ತಾರೆ. ನಾನು ಮೊದಲು ಬಜೆಟ್ ಕೇಳುತ್ತೇನೆ. ಆಮೇಲೆ, ಅದರಲ್ಲಿ ಸೆಟಪ್‌ಗೆ, ಅಂದರೆ ಗಿಟಾರನ್ನು ನುಡಿಸಲು ಹದ ಮಾಡಿಸುವುದಕ್ಕೆ, ಎಷ್ಟು ಎತ್ತಿಟ್ಟಿದ್ದೀರಿ ಅಂತ ಕೇಳುತ್ತೇನೆ. ಹೆಚ್ಚಿನವರು ಏನೂ ಎತ್ತಿಟ್ಟಿರುವುದಿಲ್ಲ. ಹೊಸದಾಗಿ ಕಲಿಯುವವರು ಎರಡು ಮೂರು ತಿಂಗಳಲ್ಲೇ ಗಿಟಾರನ್ನು ಮಂಚದ ಕೆಳಗೆ ತಳ್ಳುವುದಕ್ಕೆ ದೊಡ್ಡ ಕಾರಣ ಇದೇ ಅನ್ನುವುದು ನನ್ನ ನಂಬಿಕೆ. ತಂತಿ ಫ್ರೆಟ್‌ನಿಂದ, ಅಂದರೆ ನೆಕ್ಕಿನ ಮೇಲಿನ ಲೋಹದ ಅಡ್ಡಪಟ್ಟಿಯಿಂದ, ತುಂಬ ಮೇಲಿರುತ್ತದೆ. ಬೆರಳು ನೋಯುತ್ತದೆ. ಟ್ಯೂನ್ ಮಾಡಿದರೂ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಅಪಸ್ವರ ಬರುತ್ತದೆ. ತಮಗೇ ಸಂಗೀತ ಒಲಿಯಲ್ಲ ಅಂದುಕೊಂಡು ಬಿಟ್ಟುಬಿಡುತ್ತಾರೆ. ತಪ್ಪು ಅವರ ಕೈಯದಲ್ಲ, ಗಿಟಾರನ್ನು ಯಾರೂ ಸರಿಯಾಗಿ ಹದ ಮಾಡಿರುವುದಿಲ್ಲ ಅಷ್ಟೇ.

ಇದಕ್ಕೆ ಕಾರಣ ಕಾರ್ಖಾನೆಯಲ್ಲಿದೆ. ಈಗ ಗಿಟಾರಿನ ಬಾಡಿ, ನೆಕ್ (ಬೆರಳಿಟ್ಟು ಒತ್ತುವ ಉದ್ದನೆಯ ಭಾಗ) ಎರಡನ್ನೂ ಕಂಪ್ಯೂಟರ್ ಹೇಳಿದಂತೆ ಯಂತ್ರ ಕೊರೆಯುತ್ತದೆ. ಅಳತೆ ಒಂದಿಷ್ಟೂ ತಪ್ಪುವುದಿಲ್ಲ. ಹಾಗಾಗಿ ಇಂಡೋನೇಷ್ಯಾದಲ್ಲೋ ಚೀನಾದಲ್ಲೋ ತಯಾರಾದ 15 ಸಾವಿರದ ಗಿಟಾರಿನ ಮರದ ಕೆಲಸ ಚೆನ್ನಾಗಿಯೇ ಇರುತ್ತದೆ. ಆದರೆ ಫ್ರೆಟ್‌ಗಳ ತುದಿ ಉಜ್ಜುವುದು, ನಟ್ಟಿನ (ನೆಕ್ಕಿನ ತುದಿಯಲ್ಲಿ ತಂತಿಗಳು ಹಾದುಬರುವ ಪಟ್ಟಿ) ಗಾಡಿಯನ್ನು, ಅಂದರೆ ತಂತಿ ಕೂರುವ ಸೀಳನ್ನು, ತಂತಿಗೆ ತಕ್ಕ ಆಳಕ್ಕೆ ಕೊರೆಯುವುದು, ತಂತಿಯ ಎತ್ತರ ಸರಿ ಮಾಡುವುದು, ಇವೆಲ್ಲ ಇವತ್ತಿಗೂ ಹೆಚ್ಚಾಗಿ ಕೈ ಕೆಲಸ. ಕೈ ಕೆಲಸಕ್ಕೆ ಹೊತ್ತು ಬೇಕು, ಹೊತ್ತಿಗೆ ಕೂಲಿ ಬೇಕು. ಕಡಿಮೆ ಬೆಲೆಯ ಗಿಟಾರಿನಲ್ಲಿ ಖರ್ಚು ಉಳಿಸುವುದು ಅಲ್ಲೇ. ಆ ಉಳಿದ ಕೆಲಸವನ್ನು ಇಲ್ಲಿ ಮಾಡಿಸಿಕೊಂಡರೆ, ಸಾಧಾರಣ ಗಿಟಾರ್ ಕೂಡ ವರ್ಷಗಟ್ಟಲೆ ನುಡಿಸುವಂಥ ವಾದ್ಯ ಆಗುತ್ತದೆ. ಈ ಲೇಖನದ ಪ್ರತಿ ಹೆಜ್ಜೆಯೂ ಇದರ ಮೇಲೇ ನಿಂತಿದೆ.

1. ದುಡ್ಡನ್ನು ಮೊದಲೇ ಹಂಚಿಕೊಳ್ಳಿ

25 ಸಾವಿರ ಇದೆ ಅಂದುಕೊಳ್ಳೋಣ. ಗಿಟಾರಿಗೆ ಸುಮಾರು 16 ಸಾವಿರ, ಆ್ಯಂಪ್‌ಗೆ (ಗಿಟಾರಿನ ದನಿ ದೊಡ್ಡದು ಮಾಡಿ ಕೇಳಿಸುವ ಪೆಟ್ಟಿಗೆ) 6 ಸಾವಿರ, ಉಳಿದ 3 ಸಾವಿರ ಸೆಟಪ್, ಕೇಬಲ್, ಸ್ಟ್ರ್ಯಾಪ್, ಒಂದು ಸೆಟ್ ತಂತಿಗೆ. ಅಂಗಡಿಗೆ ಹೋದ ಮೇಲೆ "ಇನ್ನೆರಡು ಸಾವಿರ ಹಾಕಿದರೆ ಮೇಲಿನ ಮಾಡೆಲ್ ಬರುತ್ತೆ" ಅನ್ನುವ ಮಾತು ಬಂದೇ ಬರುತ್ತದೆ. ಆ ಎರಡು ಸಾವಿರ ಸೆಟಪ್‌ನ ದುಡ್ಡಿನಿಂದ ಹೋಗಬಾರದು.

15 ಸಾವಿರವೇ ಇದ್ದರೆ ಬಳಸಿದ ಗಿಟಾರ್ ಮತ್ತು ಹೆಡ್‌ಫೋನ್ ಆ್ಯಂಪ್ ನೋಡಿ. 40 ಸಾವಿರ ಇದ್ದರೂ ಎಲ್ಲವನ್ನೂ ಗಿಟಾರಿಗೇ ಸುರಿಯಬೇಡಿ. ನಿಮ್ಮ ಕಿವಿಗೆ ಬೀಳುವ ದನಿಯಲ್ಲಿ ಸ್ಪೀಕರ್ ಮತ್ತು ಆ್ಯಂಪ್‌ನ ಪಾಲು ತುಂಬ ಜಾಸ್ತಿ. ಸಾಧಾರಣ ಗಿಟಾರ್ ಒಳ್ಳೆಯ ಆ್ಯಂಪ್‌ನಲ್ಲಿ ಚೆನ್ನಾಗಿ ಕೇಳಿಸುತ್ತದೆ. ದುಬಾರಿ ಗಿಟಾರ್ ಕೆಟ್ಟ ಆ್ಯಂಪ್‌ನಲ್ಲಿ ಕೆಟ್ಟದಾಗಿಯೇ ಕೇಳಿಸುತ್ತದೆ.

ಗಿಟಾರ್, ಆ್ಯಂಪ್, ಬ್ಯಾಗ್, ಕೇಬಲ್ ಎಲ್ಲ ಸೇರಿದ ಪ್ಯಾಕ್‌ಗಳೂ ಸಿಗುತ್ತವೆ. ಒಳ್ಳೆಯ ಕಂಪನಿಯ ಪ್ಯಾಕ್ ಆದರೆ ತೊಂದರೆ ಇಲ್ಲ. ಆದರೆ ಅದರೊಳಗಿನ ಆ್ಯಂಪ್‌ನ ಹೆಸರು ಏನು, ಅದನ್ನೇ ಬೇರೆಯಾಗಿ ಕೊಂಡರೆ ಬೆಲೆ ಎಷ್ಟು ಅಂತ ನೋಡಿಕೊಳ್ಳಿ. ಹೆಸರೇ ಇಲ್ಲದ ಆ್ಯಂಪ್ ಇದ್ದರೆ ಪ್ಯಾಕ್ ಬಿಟ್ಟು ಗಿಟಾರ್ ಮಾತ್ರ ತಗೊಳ್ಳಿ.

2. ಯಾವ ದನಿ ಬೇಕು ಅಂತ ತೀರ್ಮಾನಿಸಿ

ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಅಂದರೆ ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ತೆಳು ತಾಮ್ರದ ತಂತಿ. ಮೇಲೆ ಉಕ್ಕಿನ ತಂತಿ ಅಲುಗಿದರೆ ಆ ಸುರುಳಿಯಲ್ಲಿ ಸಣ್ಣ ಕರೆಂಟು ಹುಟ್ಟುತ್ತದೆ. ಆ್ಯಂಪ್ ಅದನ್ನೇ ದೊಡ್ಡದು ಮಾಡುತ್ತದೆ. ಒಂದೇ ಸುರುಳಿ ಇದ್ದರೆ ಅದು ಸಿಂಗಲ್ ಕಾಯಿಲ್. ದನಿ ತಿಳಿಯಾಗಿ, ಚುರುಕಾಗಿ ಬರುತ್ತದೆ. ಆದರೆ ಮನೆಯ ವೈರಿಂಗಿನಿಂದ ಬರುವ ಗುಂಯ್ ಅನ್ನುವ ಸದ್ದನ್ನೂ ಅದು ಹಿಡಿದುಕೊಳ್ಳುತ್ತದೆ. ಎರಡು ಸುರುಳಿಯನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿದರೆ ಆ ಸದ್ದು ತನ್ನಷ್ಟಕ್ಕೆ ರದ್ದಾಗುತ್ತದೆ, ತಂತಿಯ ದನಿ ಮಾತ್ರ ಉಳಿಯುತ್ತದೆ. ಅದೇ ಹಂಬಕರ್. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಇದನ್ನು ರೂಪಿಸಿದರು. ಇದರ ದನಿ ದಪ್ಪ. ಡಿಸ್ಟಾರ್ಷನ್ (ದನಿಯನ್ನು ಒಡೆದು ಒರಟು ಮಾಡುವುದು) ಹಾಕಿ ನುಡಿಸುವವರಿಗೆ ಹೇಳಿ ಮಾಡಿಸಿದ್ದು.

ಬ್ಲೂಸ್, ಫಂಕ್, ಸಿನಿಮಾ ಹಾಡಿನ ಕ್ಲೀನ್ (ಡಿಸ್ಟಾರ್ಷನ್ ಇಲ್ಲದ) ಕಾರ್ಡ್‌ಗಳು ಇಷ್ಟ ಅಂದರೆ ಮೂರು ಸಿಂಗಲ್ ಕಾಯಿಲ್ ಇರುವ, ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ (ಸ್ಟ್ರಾಟ್) ಮಾದರಿ ಸರಿ. ಮೆಟಲ್, ಹಾರ್ಡ್ ರಾಕ್ ಅಂದರೆ ಎರಡು ಹಂಬಕರ್. ಇನ್ನೂ ಗೊತ್ತಿಲ್ಲ ಅನ್ನುವವರು, ಅಂದರೆ ಹೊಸಬರಲ್ಲಿ ಹೆಚ್ಚಿನವರು, ಎಚ್ಎಸ್ಎಸ್ ತಗೊಳ್ಳಿ. ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳು ಕೂರುವ ಲೋಹದ ಭಾಗ) ಹತ್ತಿರ ಒಂದು ಹಂಬಕರ್, ಉಳಿದೆರಡು ಸಿಂಗಲ್ ಕಾಯಿಲ್. ಎರಡೂ ದನಿ ಒಂದರಲ್ಲೇ ಸಿಗುತ್ತದೆ. ನಾನು ಯಾರಿಗೇ ಆಗಲಿ ಮೊದಲ ಗಿಟಾರಾಗಿ ಇದನ್ನೇ ಹೇಳುವುದು.

ಬ್ರಿಡ್ಜ್ ವಿಷಯದಲ್ಲಿ ಒಂದು ಮಾತು. ಈ ಬೆಲೆಯಲ್ಲಿ ಫ್ಲಾಯ್ಡ್ ರೋಸ್ ತರಹದ ತೇಲುವ, ಲಾಕ್ ಆಗುವ ಬ್ರಿಡ್ಜ್ ಬೇಡವೇ ಬೇಡ. ಅಗ್ಗದ ಲೋಹ ಬೇಗ ಸವೆಯುತ್ತದೆ, ಟ್ಯೂನಿಂಗ್ ನಿಲ್ಲುವುದಿಲ್ಲ. ಒಂದು ತಂತಿ ಬದಲಿಸಲು ಹೊಸಬರಿಗೆ ಅರ್ಧ ದಿನ ಬೇಕು. ಅಲುಗದ ಬ್ರಿಡ್ಜ್ ಎಲ್ಲಕ್ಕಿಂತ ನಿಶ್ಚಿಂತೆ. ಸ್ಟ್ರಾಟ್ ಮಾದರಿಯ ಸಾಮಾನ್ಯ ಟ್ರೆಮೊಲೊ (ಕಡ್ಡಿ ಒತ್ತಿ ಸ್ವರ ಏರಿಳಿಸುವ ಬ್ರಿಡ್ಜ್) ಕೂಡ ಆದೀತು, ಆದರೆ ಶುರುವಿನಲ್ಲಿ ಆ ಕಡ್ಡಿಯನ್ನು ಬಿಚ್ಚಿಟ್ಟುಬಿಡಿ.

ಹತ್ತು ಹನ್ನೊಂದು ವರ್ಷದ ಮಗುವಿಗೆ ಕೊಡಿಸುವುದಾದರೆ ಸ್ಕೇಲ್ ಉದ್ದ ನೋಡಿ. ಫೆಂಡರ್ ಮಾದರಿಯಲ್ಲಿ ನಟ್ಟಿನಿಂದ ಬ್ರಿಡ್ಜ್‌ವರೆಗೆ 25.5 ಇಂಚು, ಗಿಬ್ಸನ್ ಮಾದರಿಯಲ್ಲಿ ಸುಮಾರು 24.75 ಇಂಚು. ಸ್ಕ್ವಾಯರ್ ಮಿನಿ ಸ್ಟ್ರಾಟ್ 22.75 ಇಂಚು, ಚಿಕ್ಕ ಕೈಗೆ ಹೊಂದುತ್ತದೆ. ಎಡಗೈಯವರಿಗೆ ನಮ್ಮಲ್ಲಿ ಆಯ್ಕೆ ಕಡಿಮೆ. ಅಂಗಡಿಗೆ ಹೋಗುವ ಮೊದಲು ಫೋನ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು.

3. ಹೆಸರುಗಳು

ಸ್ಕ್ವಾಯರ್ ಅನ್ನುವುದು ಫೆಂಡರ್‌ನದೇ ಕಡಿಮೆ ಬೆಲೆಯ ಬ್ರ್ಯಾಂಡ್. 1982ರಲ್ಲಿ ಜಪಾನಿನಲ್ಲಿ ತಯಾರಿಸಿ ಶುರು ಮಾಡಿದರು. ಈಗ ಇದರಲ್ಲಿ ಸೋನಿಕ್, ಅಫಿನಿಟಿ, ಕ್ಲಾಸಿಕ್ ವೈಬ್ ಅಂತ ಮೆಟ್ಟಿಲುಗಳಿವೆ. ಮೊದಲ ಮೆಟ್ಟಿಲು ಸೋನಿಕ್, ನಮ್ಮ ಬಜೆಟ್ಟಿನ ಆಸುಪಾಸಿನಲ್ಲಿ ಸಿಗುತ್ತದೆ. ಕ್ಲಾಸಿಕ್ ವೈಬ್ ನಿಜಕ್ಕೂ ಚಂದದ ಗಿಟಾರ್, ಆದರೆ ಬೆಲೆ ನಮ್ಮ ಬಜೆಟ್ ದಾಟಿದ್ದು.

ಯಮಾಹಾ ಪೆಸಿಫಿಕಾ ನನಗೆ ತುಂಬ ನಂಬಿಕೆಯ ಹೆಸರು. ಪೆಸಿಫಿಕಾ 012 ಕೆಳಗಿನದು, 112 ಅದರ ಮೇಲಿನದು. ಎರಡೂ ಎಚ್ಎಸ್ಎಸ್. 112ರಲ್ಲಿ ಆಲ್ಡರ್ ಮರದ ಬಾಡಿ. 112ವಿ ಮಾಡೆಲ್‌ನಲ್ಲಿ ಟೋನ್ ನಾಬ್ ಎಳೆದರೆ ಹಂಬಕರ್ ಅರ್ಧಕ್ಕೆ ಇಳಿದು ಸಿಂಗಲ್ ಕಾಯಿಲ್ ಆಗುತ್ತದೆ. ಒಂದು ಪೀಸ್‌ಗೂ ಇನ್ನೊಂದಕ್ಕೂ ಗುಣದಲ್ಲಿ ವ್ಯತ್ಯಾಸ ಕಡಿಮೆ. ಕೈಯಲ್ಲಿ ಹಿಡಿದು ನೋಡದೆ ಆನ್‌ಲೈನ್‌ನಲ್ಲಿ ತರಿಸುವುದಾದರೆ ನನ್ನ ಮೊದಲ ಮತ ಇದಕ್ಕೇ. ಬಳಸಿದ 112 ಸಿಕ್ಕರೆ ಯೋಚಿಸದೆ ಹೋಗಿ ನೋಡಿ.

ಕೋರ್ಟ್ ಕೊರಿಯಾದ ಕಂಪನಿ. ಇಂಡೋನೇಷ್ಯಾದಲ್ಲಿ ಅವರದು ದೊಡ್ಡ ಕಾರ್ಖಾನೆ. ಬೇರೆ ಹೆಸರಾಂತ ಬ್ರ್ಯಾಂಡ್‌ಗಳ ಗಿಟಾರುಗಳೂ ಅಲ್ಲೇ ತಯಾರಾಗಿವೆ. ಸ್ವಂತ ಹೆಸರಿನ ಜಿ110 ಮಾಡೆಲ್ ಕೊಟ್ಟ ದುಡ್ಡಿಗೆ ಮೋಸವಿಲ್ಲದ್ದು. ಐಬನೀಜ್ ಜಿಯೊ ಸರಣಿಯ ನೆಕ್ ತೆಳು, ರಾಕ್ ಮತ್ತು ಮೆಟಲ್ ಹುಡುಗರಿಗೆ ಇಷ್ಟವಾಗುತ್ತದೆ. ಅದರಲ್ಲಿ ಜಿಆರ್‌ಜಿ121ಕ್ಕೆ ಅಲುಗದ ಬ್ರಿಡ್ಜ್ ಇದೆ. ಗಿಬ್ಸನ್‌ನ ಕೈಯಲ್ಲಿರುವ ಎಪಿಫೋನ್‌ನಲ್ಲಿ ಲೆಸ್ ಪಾಲ್ ಸ್ಪೆಷಲ್ ಮತ್ತು ಎಸ್‌ಜಿ ಮಾದರಿಗಳನ್ನು ನೋಡಬಹುದು.

10 ಸಾವಿರದ ಒಳಗೂ ಆನ್‌ಲೈನ್‌ನಲ್ಲಿ ಎಲೆಕ್ಟ್ರಿಕ್ ಗಿಟಾರ್ ಸಿಗುತ್ತವೆ. ಅವುಗಳಲ್ಲಿ ಒಳ್ಳೆಯದೂ ಇವೆ. ಆದರೆ ಒಂದೇ ಮಾಡೆಲ್‌ನ ಎರಡು ಪೀಸ್ ಒಂದೇ ತರಹ ಇರುತ್ತವೆ ಅನ್ನುವ ಭರವಸೆ ಇಲ್ಲ. ಕೈಯಲ್ಲಿ ಹಿಡಿದು ಪರೀಕ್ಷೆ ಮಾಡುವಂತಿದ್ದರೆ ಮಾತ್ರ ಕೊಳ್ಳಿ.

ಮರದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಈ ಬೆಲೆಯಲ್ಲಿ ಪಾಪ್ಲರ್ರೋ ಅಗಾಥಿಸ್ಸೋ ಅನ್ನುವುದಕ್ಕಿಂತ ಫ್ರೆಟ್ ಹೇಗಿದೆ ಅನ್ನುವುದೇ ಮುಖ್ಯ. ಆದರೂ ಒಂದು ಸಂಗತಿ ಹೇಳಲೇಬೇಕು. ಗಿಟಾರಿನ ಫ್ರೆಟ್‌ಬೋರ್ಡ್‌ಗೆ, ಅಂದರೆ ಫ್ರೆಟ್‌ಗಳು ಕೂರುವ ನೆಕ್ಕಿನ ಮೇಲ್ಪಟ್ಟಿಗೆ, ಹಿಂದೆ ಹೆಚ್ಚಾಗಿ ಬೀಟೆ ಮರ ಬಳಸುತ್ತಿದ್ದರು. 2017ರಲ್ಲಿ ಬೀಟೆಯ ಇಡೀ ಕುಲದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುಪಾಡು ಬಂತು. 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ಅಷ್ಟರೊಳಗೆ ಹಲವು ಕಂಪನಿಗಳು ಬೇರೆ ಮರಕ್ಕೆ ಹೊರಳಿದ್ದವು. ಸ್ಕ್ವಾಯರ್, ಎಪಿಫೋನ್ ಪಟ್ಟಿಯಲ್ಲಿ ಇಂಡಿಯನ್ ಲಾರೆಲ್ ಅಂತ ಕಾಣುತ್ತದಲ್ಲ, ಅದು ನಮ್ಮ ಮಲೆನಾಡಿನ ಮತ್ತಿ ಮರವೇ. ಗಟ್ಟಿ ಮರ. ಬೀಟೆ ಅಲ್ಲ ಅಂತ ಬೇಸರ ಬೇಡ.

4. ಅಂಗಡಿಯಲ್ಲಿ ಗಿಟಾರ್ ಕೈಗೆ ಬಂದ ಮೇಲೆ

ಫೋನಿನಲ್ಲಿ ಟ್ಯೂನರ್ ಆ್ಯಪ್ ಹಾಕಿಕೊಂಡು ಹೋಗಿ. ನುಡಿಸಲು ಬರುವ ಗೆಳೆಯರು ಜೊತೆಗಿದ್ದರೆ ಒಳ್ಳೆಯದು, ಇಲ್ಲದಿದ್ದರೂ ಮುಂದೆ ಹೇಳುವುದನ್ನೆಲ್ಲ ನೀವೇ ನೋಡಬಹುದು. ಡಿಸ್‌ಪ್ಲೇಯಲ್ಲಿ ತೂಗುಹಾಕಿದ ಪೀಸನ್ನು ನುಡಿಸಿ, ಪ್ಯಾಕ್ ಒಡೆಯದ ಬೇರೆ ಪೀಸನ್ನು ಮನೆಗೆ ತರಬೇಡಿ. ನೀವು ಪರೀಕ್ಷೆ ಮಾಡಿದ ಅದೇ ಗಿಟಾರ್ ಬೇಕು ಅಂತ ಕೇಳಿ.

ಮೊದಲು ಟ್ಯೂನ್ ಮಾಡಿ. ಟ್ಯೂನ್ ಆಗದ ಗಿಟಾರಿನಲ್ಲಿ ಉಳಿದ ಯಾವ ಪರೀಕ್ಷೆಯೂ ಲೆಕ್ಕಕ್ಕಿಲ್ಲ. ಆಮೇಲೆ ನೆಕ್ಕಿನ ಬದಿಗೆ ಬೆರಳು ಇಟ್ಟು ಮೇಲಿನಿಂದ ಕೆಳಗೆ ನಿಧಾನಕ್ಕೆ ಸವರಿ. ಫ್ರೆಟ್‌ಗಳ ತುದಿ ಚುಚ್ಚುತ್ತದಾ? ಸ್ವಲ್ಪ ಒರಟು ಅನಿಸಿದರೆ ಉಜ್ಜಿ ಸರಿ ಮಾಡಬಹುದು. ಗೀರುವಷ್ಟು ಚೂಪಾಗಿದ್ದರೆ ಬೇರೆ ಪೀಸ್ ಕೇಳಿ.

ಈಗ ನಟ್. ಹೆಡ್‌ಸ್ಟಾಕ್, ಅಂದರೆ ಟ್ಯೂನ್ ಮಾಡುವ ಕೀಲಿಗಳಿರುವ ಗಿಟಾರಿನ ತಲೆ, ಅದರ ಹತ್ತಿರ ತಂತಿಗಳು ಹಾದುಬರುವ ಬಿಳಿ ಪಟ್ಟಿ ಇದೆಯಲ್ಲ, ಅದು. ಹೊಸ ಅಗ್ಗದ ಗಿಟಾರುಗಳಲ್ಲಿ ಹೆಚ್ಚು ತಪ್ಪು ಇಲ್ಲೇ ಇರುತ್ತದೆ, ಹೆಚ್ಚಿನವರು ನೋಡದೆ ಬಿಡುವುದೂ ಇಲ್ಲೇ. ದಪ್ಪ ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ. ಕಣ್ಣನ್ನು ಹತ್ತಿರ ತಂದು ಮೊದಲ ಫ್ರೆಟ್ ಮತ್ತು ತಂತಿಯ ನಡುವಿನ ಸಂದು ನೋಡಿ. ಕೂದಲೆಳೆಯಷ್ಟು ಬೆಳಕು ಕಂಡರೆ ಸರಿ. ತಂತಿಯನ್ನು ಅಲ್ಲಿ ಬೆರಳಿನಿಂದ ತಟ್ಟಿದರೆ ಟಿಕ್ ಅಂತ ಸಣ್ಣ ಸದ್ದು ಬರಬೇಕು. ಸಂದು ಜಾಸ್ತಿ ಇದ್ದರೆ ನಟ್ಟಿನ ಗಾಡಿ ಸಾಕಷ್ಟು ಆಳ ಕೊರೆದಿಲ್ಲ ಅಂತ ಅರ್ಥ. ಆರೂ ತಂತಿಗೆ ಹೀಗೇ ನೋಡಿ. ಗಾಡಿ ಮೇಲಿದ್ದರೆ ಏನಾಗುತ್ತದೆ ಅಂತ ಕಿವಿಯಿಂದಲೂ ತಿಳಿಯಬಹುದು. ಚೆನ್ನಾಗಿ ಟ್ಯೂನ್ ಮಾಡಿ ಮೊದಲ ಫ್ರೆಟ್‌ನಲ್ಲಿ ಎಫ್ ಕಾರ್ಡ್ ಹಿಡಿಯಿರಿ. ಒತ್ತುವಾಗ ತಂತಿ ಜಾಸ್ತಿ ಬಗ್ಗಬೇಕಾಗುವುದರಿಂದ ಸ್ವರ ಏರಿ, ಕಾರ್ಡ್ ಹುಳಿಹುಳಿಯಾಗಿ ಕೇಳಿಸುತ್ತದೆ. ಎಷ್ಟೋ ಜನ ತಮಗೆ ಎಫ್ ಕಾರ್ಡ್ ಬರುವುದೇ ಇಲ್ಲ ಅಂತ ಕೊರಗುವುದು ಇಂಥ ಗಿಟಾರ್ ಹಿಡಿದುಕೊಂಡು. ಸೆಟಪ್ ಮಾಡುವವರು ಸಣ್ಣ ಅರದಿಂದ ಇದನ್ನು ಸ್ವಲ್ಪ ಹೊತ್ತಿನಲ್ಲೇ ಸರಿ ಮಾಡುತ್ತಾರೆ. ಗಾಡಿ ಆಳ ಜಾಸ್ತಿಯಾಗಿ, ತಂತಿಯನ್ನು ಒತ್ತದೆ ಮೀಟಿದಾಗಲೇ ಝರ್ ಅಂದರೆ ಮಾತ್ರ ನಟ್ಟನ್ನೇ ಬದಲಿಸಬೇಕಾಗುತ್ತದೆ.

ನಂತರ ಪ್ರತಿ ತಂತಿಯ ಪ್ರತಿ ಫ್ರೆಟ್ ಒಂದೊಂದಾಗಿ ನುಡಿಸಿ. ಬೇಜಾರಿನ ಕೆಲಸ, ಆದರೆ ಬಿಡಬೇಡಿ. ಎಲ್ಲ ಕಡೆ ಸ್ವಲ್ಪ ಝರ್ ಅಂದರೆ ಸೆಟಪ್‌ನಲ್ಲಿ ಹೋಗುತ್ತದೆ. ಒಂದೇ ಜಾಗದಲ್ಲಿ ಸ್ವರ ಸತ್ತುಹೋದರೆ ಪಕ್ಕದ ಫ್ರೆಟ್ ಎದ್ದಿದೆ ಅಂತ ಲೆಕ್ಕ. ಅಂಥದ್ದು ಬೇಡ. ತೆಳು ತಂತಿಯನ್ನು ಹನ್ನೆರಡನೇ ಫ್ರೆಟ್‌ನಲ್ಲಿ ಒತ್ತಿ ಒಂದು ಪೂರ್ತಿ ಸ್ವರದಷ್ಟು ಎಳೆದು ನೋಡಿ. ಎಳೆದಾಗ ದನಿ ಕಟ್ ಆಗಬಾರದು. ನಮ್ಮ ಗಮಕಗಳನ್ನು ಗಿಟಾರಿನಲ್ಲಿ ತರಬೇಕು ಅನ್ನುವವರು ಈ ಒಂದು ಪರೀಕ್ಷೆಯನ್ನು ಮೂರು ತೆಳು ತಂತಿಗಳಲ್ಲೂ ಮಾಡಿ. ತಂತಿ ಎಳೆದೇ ಗಮಕ ಹುಟ್ಟುವುದು ಅಲ್ವಾ?

ಇಷ್ಟಾದ ಮೇಲೆ ಆ್ಯಂಪ್‌ಗೆ ಹಾಕಿಸಿ. ವಾಲ್ಯೂಮ್, ಟೋನ್ ನಾಬ್ ಎರಡನ್ನೂ ತಿರುಗಿಸಿ, ಪಿಕಪ್ ಸ್ವಿಚ್ಚನ್ನು ಎಲ್ಲ ಸ್ಥಾನಕ್ಕೂ ಹಾಕಿ. ಕೇಬಲ್ ತೂರುವ ಜಾಗದಲ್ಲಿ ಮೆಲ್ಲಗೆ ಅಲುಗಿಸಿ. ಕರಕರ ಅಂದರೆ ಸಣ್ಣ ರಿಪೇರಿಯೇ. ಪಾಟ್ (ನಾಬ್‌ನ ಕೆಳಗಿನ ಭಾಗ), ಜ್ಯಾಕ್ (ಕೇಬಲ್ ತೂರುವ ಕಿಂಡಿ), ಸ್ವಿಚ್ ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಕಡೆ ಕಡಿಮೆ ದುಡ್ಡಿಗೆ ಸಿಗುತ್ತವೆ. ಆದರೆ ಹೊಸ ಗಿಟಾರಿನಲ್ಲಿ ಅದು ಇರಬಾರದು, ಬೇರೆ ಪೀಸ್ ಕೇಳುವ ಹಕ್ಕು ನಿಮಗಿದೆ.

5. ಊರಲ್ಲಿ ಅಂಗಡಿ ಇಲ್ಲದಿದ್ದರೆ

ಬೆಂಗಳೂರು ಬಿಟ್ಟರೆ ಎಲೆಕ್ಟ್ರಿಕ್ ಗಿಟಾರನ್ನು ನಾಲ್ಕಾರು ಮಾಡೆಲ್ ಇಟ್ಟು ತೋರಿಸುವ ಅಂಗಡಿ ಕಡಿಮೆ. ಸಣ್ಣ ಊರಿನವರು ಫರ್ಟಾಡೋಸ್, ಬಜಾವೊದಂಥ ವಾದ್ಯಗಳದೇ ಆನ್‌ಲೈನ್ ಅಂಗಡಿಗಳಲ್ಲಿ ತರಿಸುವುದು ವಾಸಿ. ಎಲ್ಲವನ್ನೂ ಮಾರುವ ಜಾಲತಾಣದಲ್ಲಿ ಕೊಳ್ಳುವುದಾದರೆ ಮಾರುವವರು ಯಾರು, ವಾಪಸ್ ಕೊಡಲು ಎಷ್ಟು ದಿನ ಅಂತ ಮೊದಲೇ ಓದಿಕೊಳ್ಳಿ. ಪೆಟ್ಟಿಗೆ ಒಡೆಯುವುದನ್ನು ಶುರುವಿನಿಂದ ವಿಡಿಯೊ ಮಾಡಿ. ನೆಕ್ ಮತ್ತು ಹೆಡ್‌ಸ್ಟಾಕ್ ಸೇರುವ ಜಾಗದಲ್ಲಿ ಬಿರುಕು ಇದೆಯಾ ನೋಡಿ, ಸಾಗಣೆಯಲ್ಲಿ ಪೆಟ್ಟು ಬೀಳುವುದು ಅಲ್ಲೇ. ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಮೇಲೆ ಹೇಳಿದ ಪರೀಕ್ಷೆಗಳನ್ನೆಲ್ಲ ಮುಗಿಸಿ. ಬಿಲ್ ಜೋಪಾನ, ವಾರಂಟಿ ಅದರ ಮೇಲೇ ನಿಂತಿರುತ್ತದೆ.

ಅಮೆರಿಕದಿಂದ ಬರುವ ಅಕ್ಕನೋ ಅಣ್ಣನೋ "ಏನು ತರಲಿ?" ಅಂತ ಕೇಳಿದರೆ ಗಿಟಾರ್ ತರಿಸಿಕೊಳ್ಳಬಹುದು. ಆ್ಯಂಪ್ ಮಾತ್ರ ಬೇಡ. ಅಲ್ಲಿನದು 120 ವೋಲ್ಟ್, ನಮ್ಮದು 230. ನೇರ ಪ್ಲಗ್‌ಗೆ ಹಾಕಿದರೆ ಸುಟ್ಟುಹೋಗುತ್ತದೆ. ಅಡಾಪ್ಟರಿನ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿದ್ದರೆ ಮಾತ್ರ ಪರವಾಗಿಲ್ಲ.

6. ಬಳಸಿದ ಗಿಟಾರ್

ಬೆಂಗಳೂರು, ಮೈಸೂರಿನಲ್ಲಿ ಬಳಸಿದ ಗಿಟಾರುಗಳ ಸಂತೆ ಜೋರಾಗಿದೆ. ಹುಮ್ಮಸ್ಸಿನಲ್ಲಿ ಕೊಂಡು, ಕೆಲಸದ ಒತ್ತಡಕ್ಕೆ ಬಿಟ್ಟವರು, ಊರು ಬಿಟ್ಟು ಹೋಗುವವರು ಮಾರುತ್ತಿರುತ್ತಾರೆ. ಎಷ್ಟೋ ಗಿಟಾರುಗಳ ಫ್ರೆಟ್ ಮೇಲೆ ಗೀರೂ ಇರುವುದಿಲ್ಲ. ಹೊಸದರ ಬೆಲೆಗಿಂತ ಮೂರನೇ ಒಂದು ಭಾಗವಾದರೂ ಕಡಿಮೆ ಇರಬೇಕು ಅಂತ ಇಟ್ಟುಕೊಳ್ಳಿ. ಇಲ್ಲವಾದರೆ ವಾರಂಟಿ ಇರುವ ಹೊಸದೇ ಮೇಲು.

ನೋಡಲೇಬೇಕಾದದ್ದು ಮೂರು. ತೆಳು ತಂತಿಗಳ ಕೆಳಗೆ, ಮೊದಲ ಮೂರು ಫ್ರೆಟ್‌ಗಳ ಮೇಲೆ ಆಳದ ತಗ್ಗು ಬಿದ್ದಿದ್ದರೆ ಫ್ರೆಟ್ ಉಜ್ಜಿಸುವ ಖರ್ಚು ಬರುತ್ತದೆ. ಟ್ರಸ್ ರಾಡ್, ಅಂದರೆ ನೆಕ್ಕಿನೊಳಗಿನ ಕಬ್ಬಿಣದ ಸರಳು, ಎರಡೂ ಕಡೆ ತಿರುಗಬೇಕು. ತಿರುಗದಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಬೇಡ. ಮೂರನೆಯದು ಸೀರಿಯಲ್ ನಂಬರ್. ಇಂಡೋನೇಷ್ಯಾದ ಕೋರ್ಟ್ ಕಾರ್ಖಾನೆಯಲ್ಲಿ ಆದ ಸ್ಕ್ವಾಯರ್‌ಗಳ ನಂಬರ್ ಐಸಿಎಸ್ ಅಕ್ಷರಗಳಿಂದ ಶುರುವಾಗುತ್ತದೆ, ಮುಂದಿನ ಎರಡು ಅಂಕಿ ತಯಾರಾದ ವರ್ಷ. ಮಾರುವವರು ಹೇಳುವ ವರ್ಷಕ್ಕೂ ಅದಕ್ಕೂ ತಾಳೆ ನೋಡಿ. ಆ್ಯಂಪ್ ಇಲ್ಲದ ಕಡೆ ಕೊಳ್ಳಬೇಡಿ. ಹಾಕಿ ಕೇಳಿಸದ ಗಿಟಾರಿನ ಪಿಕಪ್ ಕೆಲಸ ಮಾಡುತ್ತದೋ ಇಲ್ಲವೋ ಹೇಗೆ ಗೊತ್ತಾಗಬೇಕು?

7. ಆ್ಯಂಪ್: ಮೊದಲು ನಿಮ್ಮ ಮನೆ ನೋಡಿ

ವ್ಯಾಟ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುವುದು ತಪ್ಪು ಲೆಕ್ಕ. ಕಿವಿಗೆ ಎರಡು ಪಟ್ಟು ಜೋರು ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ 10 ವ್ಯಾಟ್‌ಗೂ 20 ವ್ಯಾಟ್‌ಗೂ ಸದ್ದಿನಲ್ಲಿ ದೊಡ್ಡ ಅಂತರ ಇಲ್ಲ. ಎರಡು ಬೆಡ್‌ರೂಮಿನ ಮನೆಯಲ್ಲಿ 10 ವ್ಯಾಟ್ ಆ್ಯಂಪ್‌ನ ವಾಲ್ಯೂಮನ್ನು ಅರ್ಧಕ್ಕೆ ತಿರುಗಿಸಿದರೆ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ. ಸ್ಪೀಕರಿನ ಗಾತ್ರ ಅದಕ್ಕಿಂತ ಮುಖ್ಯ. 3 ಇಂಚಿನ ಸ್ಪೀಕರಿನಿಂದ ದಪ್ಪ ತಂತಿಯ ಗುಡುಗು ಬರುವುದಿಲ್ಲ. 8 ಇಂಚು ಅಂದರೆ ದನಿಗೆ ಮೈ ಬರುತ್ತದೆ.

ಪಿಜಿ, ಹಾಸ್ಟೆಲ್, ಗೋಡೆಗೆ ಗೋಡೆ ಅಂಟಿದ ಮನೆ, ಇಂಥಲ್ಲಿ ಇರುವವರಿಗೆ ವಾಕ್ಸ್ ಆ್ಯಂಪ್ಲಗ್‌ನಂಥ ಹೆಡ್‌ಫೋನ್ ಆ್ಯಂಪ್ ಸಾಕು. ಗಿಟಾರಿಗೇ ಚುಚ್ಚಿಕೊಂಡು ಕೂರುತ್ತದೆ. ರಾತ್ರಿ ಹನ್ನೊಂದಕ್ಕೂ ನುಡಿಸಬಹುದು. ಆದರೆ ಹೆಡ್‌ಫೋನ್ ತಂತಿ ಇರುವುದೇ ಆಗಬೇಕು. ಬ್ಲೂಟೂತ್‌ನಲ್ಲಿ ಮೀಟಿದ್ದಕ್ಕೂ ಕೇಳಿದ್ದಕ್ಕೂ ನಡುವೆ ತಡ ಆಗುತ್ತದೆ, ತಾಳ ಹಿಡಿಯಲು ಆಗುವುದೇ ಇಲ್ಲ.

ಕರೆಂಟು ಹೋಗಿ ಬಂದು ಮಾಡುವ ಊರಿನವರಿಗೆ ಬ್ಯಾಟರಿ ಆ್ಯಂಪ್ ಚಂದ. ಬ್ಲ್ಯಾಕ್‌ಸ್ಟಾರ್ ಫ್ಲೈ 3 ಮತ್ತು ಬಾಸ್ ಕಟಾನಾ ಮಿನಿ ಎರಡೂ ಆರು ಪೆನ್ಸಿಲ್ ಸೆಲ್‌ನಲ್ಲಿ ನಡೆಯುತ್ತವೆ. ಮೊದಲನೆಯದು 3 ವ್ಯಾಟ್, 3 ಇಂಚು. ಎರಡನೆಯದು 7 ವ್ಯಾಟ್, 4 ಇಂಚು. ಬೆಲೆ ಜಾಸ್ತಿಯಾದರೂ ಕಟಾನಾ ಮಿನಿಯ ದನಿ ಅದರ ಗಾತ್ರಕ್ಕೆ ಮೀರಿದ್ದು. ಕ್ಲೀನ್, ಕ್ರಂಚ್, ಬ್ರೌನ್ ಅಂತ ಮೂರು ದನಿ, ಜೊತೆಗೆ ಪ್ರತಿಧ್ವನಿ ಕೊಡುವ ಡಿಲೇ. ಹಾಸಿಗೆಯ ಪಕ್ಕ ಇಟ್ಟುಕೊಂಡು ದಿನಾ ನುಡಿಸಲು ನನಗೆ ಇದಕ್ಕಿಂತ ಇಷ್ಟವಾದ ಸಣ್ಣ ಆ್ಯಂಪ್ ಇಲ್ಲ.

ಪ್ಲಗ್‌ಗೆ ಹಾಕುವ ಸಾಮಾನ್ಯ ಆ್ಯಂಪ್ ಸಾಕು ಅಂದರೆ ಫೆಂಡರ್ ಫ್ರಂಟ್‌ಮ್ಯಾನ್ 10ಜಿ, ಮಾರ್ಷಲ್ ಎಂಜಿ10, ಆರೆಂಜ್ ಕ್ರಷ್ 12, ಇವು ಮೂರನ್ನೂ ಕೇಳಿ ನೋಡಿ. ಫೆಂಡರ್‌ನ ಕ್ಲೀನ್ ದನಿ ಚೆನ್ನ, ಅದರ ಓವರ್‌ಡ್ರೈವ್ (ಹಗುರ ಡಿಸ್ಟಾರ್ಷನ್) ಅಷ್ಟಕ್ಕಷ್ಟೇ. ಆರೆಂಜ್‌ನಲ್ಲಿ ಅದಕ್ಕೆ ತಿರುಗುಮುರುಗು, ಗೇನ್, ಅಂದರೆ ದನಿಯನ್ನು ಒರಟು ಮಾಡುವ ನಾಬ್, ಏರಿಸಿದಾಗಲೇ ಅದರ ಸೊಗಸು. ಯಾವುದೇ ಆದರೂ ಹೆಡ್‌ಫೋನ್ ಕಿಂಡಿ ಇರಲೇಬೇಕು. ಫೋನಿನಿಂದ ಹಾಡು ಹಾಕಿಕೊಂಡು ಜೊತೆಗೆ ನುಡಿಸಲು ಆಕ್ಸ್ ಕಿಂಡಿ ಇದ್ದರೆ ಅಭ್ಯಾಸ ಬೇಜಾರಾಗುವುದಿಲ್ಲ.

ಮುಂದೆ ಗೆಳೆಯರ ಜೊತೆ ಡ್ರಮ್ಸ್ ಇಟ್ಟು ನುಡಿಸುವ ಆಸೆ ಇದ್ದರೆ ಈ ಸಣ್ಣವು ಸಾಲುವುದಿಲ್ಲ. ಬಳಸಿದ ಬಾಸ್ ಕಟಾನಾ 50 ಹುಡುಕಿ. 12 ಇಂಚಿನ ಸ್ಪೀಕರ್. 50 ವ್ಯಾಟನ್ನು ಅರ್ಧ ವ್ಯಾಟ್‌ಗೆ ಇಳಿಸುವ ಸ್ವಿಚ್ ಇರುವುದರಿಂದ ಮನೆಯಲ್ಲೂ ನಡೆಯುತ್ತದೆ.

ಗಿಟಾರನ್ನು ಟಿವಿಯ ಸ್ಪೀಕರಿಗೋ ಹೋಂ ಥಿಯೇಟರಿಗೋ ನೇರ ಹಾಕಿದರೆ ಆಗಲ್ವಾ ಅಂತ ತುಂಬ ಜನ ಕೇಳುತ್ತಾರೆ. ಸದ್ದು ಬರುತ್ತದೆ, ಚೆನ್ನಾಗಿರುವುದಿಲ್ಲ. ಪಿಕಪ್‌ನ ದುರ್ಬಲ ಕರೆಂಟಿಗೆ ಅಲ್ಲಿನ ಇನ್‌ಪುಟ್ ಹೊಂದುವುದಿಲ್ಲ, ದನಿ ಮಂಕಾಗುತ್ತದೆ. ಇನ್ನು ಡಿಸ್ಟಾರ್ಷನ್ ಹಾಕಿದರೆ ಜೇನುನೊಣ ಹೊಕ್ಕಂತೆ ಗುಂಯ್‌ಗುಡುತ್ತದೆ. ಗಿಟಾರ್ ಆ್ಯಂಪ್‌ನ ಸ್ಪೀಕರ್ ಸುಮಾರು 5,000 ಹರ್ಟ್ಸ್‌ಗಿಂತ ಮೇಲಿನದನ್ನು ತಾನೇ ಕತ್ತರಿಸಿ ಆ ಕರ್ಕಶ ತೆಗೆಯುತ್ತದೆ. ಹೋಂ ಥಿಯೇಟರ್ ಎಲ್ಲವನ್ನೂ ಕೇಳಿಸಿಬಿಡುತ್ತದೆ. ಮನೆಯಲ್ಲಿ ಒಳ್ಳೆಯ ಕಂಪ್ಯೂಟರ್ ಇದ್ದರೆ ಬೇರೆ ದಾರಿ ಇದೆ. ಗಿಟಾರನ್ನು ಕಂಪ್ಯೂಟರಿಗೆ ಸೇರಿಸುವ ಒಂದು ಆಡಿಯೊ ಇಂಟರ್‌ಫೇಸ್ ಕೊಂಡು ನ್ಯೂರಲ್ ಆ್ಯಂಪ್ ಮಾಡೆಲರ್‌ನಂಥ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ದನಿಯ ಗುಣದಲ್ಲಿ 6 ಸಾವಿರದ ಯಾವ ಆ್ಯಂಪೂ ಅದರ ಹತ್ತಿರ ಬರುವುದಿಲ್ಲ. ಆದರೆ ಕಂಪ್ಯೂಟರ್ ಹಚ್ಚಿ ಕೂರುವ ತಾಳ್ಮೆ ದಿನಾ ಇರುತ್ತದಾ ಅಂತ ಯೋಚಿಸಿ.

8. ಅರ್ತಿಂಗ್ ನೋಡಿಸದೆ ಪ್ಲಗ್ ಹಾಕಬೇಡಿ

ಇದನ್ನು ಯಾರೂ ಹೇಳುವುದಿಲ್ಲ, ಆದರೆ ಜೀವದ ವಿಷಯ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ಬ್ರಿಡ್ಜ್ ಮೂಲಕ, ಕೇಬಲ್ ಮೂಲಕ ಆ್ಯಂಪ್‌ನ ಅರ್ತ್‌ಗೆ ಸೇರಿರುತ್ತವೆ. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಹಿಂದೆ ಅರ್ತ್ ವೈರೇ ಇರುವುದಿಲ್ಲ. ಆ್ಯಂಪ್‌ನೊಳಗೆ ಏನಾದರೂ ಕೆಟ್ಟರೆ ಕರೆಂಟು ನಿಮ್ಮ ಬೆರಳಿನ ತನಕ ಬರುತ್ತದೆ.

ತಂತಿ ಮುಟ್ಟಿದಾಗ ಗುಂಯ್ ಸದ್ದು ಕಡಿಮೆಯಾದರೆ ಅದು ಸಹಜ, ಹೆದರಬೇಡಿ. ತಂತಿ ಮುಟ್ಟಿದಾಗ ಬೆರಳು ಜುಂ ಅಂದರೆ ತಕ್ಷಣ ಸ್ವಿಚ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕರೆಸಿ. ಪ್ಲಗ್‌ನ ದಪ್ಪ ಪಿನ್ ಮುರಿದು ಎರಡು ಪಿನ್ನಿನಲ್ಲಿ ಹಾಕುವುದು ಬೇಡವೇ ಬೇಡ. ಮೇನ್ ಬೋರ್ಡಿನಲ್ಲಿ ಶಾಕ್ ತಪ್ಪಿಸುವ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿ, ಗಿಟಾರ್ ಇರಲಿ ಬಿಡಲಿ.

9. ಜೊತೆಗೆ ಬೇಕಾದದ್ದು

3 ಮೀಟರ್ ಗಿಟಾರ್ ಕೇಬಲ್ ಒಂದು. ಶೀಲ್ಡ್ ಇರುವುದೇ ಆಗಬೇಕು, ಸ್ಪೀಕರ್ ಕೇಬಲ್ ಅಲ್ಲ. ಅಗಲದ ಸ್ಟ್ರ್ಯಾಪ್. ಬೇರೆ ಬೇರೆ ದಪ್ಪದ ನಾಲ್ಕೈದು ಪಿಕ್. ತಂತಿ 9ರಿಂದ 42 ಗೇಜ್ (ದಪ್ಪದ ಅಳತೆ, ಇಂಚಿನ ಸಾವಿರದ ಲೆಕ್ಕದಲ್ಲಿ), ಹೊಸ ಬೆರಳಿಗೂ ಗಮಕಕ್ಕೂ ಹಗುರ. ಟ್ಯೂನರ್ ಫೋನಿನಲ್ಲೇ ಇದೆ. ಎಫೆಕ್ಟ್ ಪೆಡಲ್ ಮೊದಲ ವರ್ಷ ಬೇಡ.

10. ಸೆಟಪ್

ಬೆಂಗಳೂರಿನಲ್ಲಿ ಈ ಕೆಲಸ ಮಾಡುವ ಲೂಥಿಯರ್‌ಗಳಿದ್ದಾರೆ. ಬೇರೆ ಊರಿನಲ್ಲಿ ಗಿಟಾರ್ ಕಲಿಸುವ ಮೇಷ್ಟ್ರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ಕೊಡುವಾಗ ಸುಮ್ನೆ "ಸೆಟಪ್ ಮಾಡಿ" ಅನ್ನಬೇಡಿ. ನಟ್ಟಿನ ಗಾಡಿ ನೋಡಿ, ಫ್ರೆಟ್ ತುದಿ ಉಜ್ಜಿ, ಆ್ಯಕ್ಷನ್ (ತಂತಿಯ ಎತ್ತರ) ಇಳಿಸಿ, ಇಂಟೊನೇಷನ್ ಸರಿ ಮಾಡಿ ಅಂತ ನಾಲ್ಕನ್ನೂ ಹೇಳಿ.

ವಾಪಸ್ ಬಂದ ಮೇಲೆ ಸ್ಟೀಲ್ ಸ್ಕೇಲ್ ಹಿಡಿದು ನೋಡಿ. ಹನ್ನೆರಡನೇ ಫ್ರೆಟ್ ಮೇಲೆ ದಪ್ಪ ತಂತಿಯ ಎತ್ತರ ಸುಮಾರು 2 ಮಿಲಿಮೀಟರ್, ತೆಳು ತಂತಿಯದು 1.5ರ ಹತ್ತಿರ ಇರಬೇಕು. ನೆಕ್ ನೋಡಲು ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ. ಏಳನೇ ಫ್ರೆಟ್ ಹತ್ತಿರ ಒಂದು ವಿಸಿಟಿಂಗ್ ಕಾರ್ಡ್ ಮೆಲ್ಲಗೆ ತೂರುವಷ್ಟು ಸಂದು ಸಾಕು. ಸಂದು ಜಾಸ್ತಿ ಇದ್ದರೆ ಟ್ರಸ್ ರಾಡನ್ನು ಬಲಕ್ಕೆ ತಿರುಗಿಸಿದಾಗ ನೆಕ್ ನೆಟ್ಟಗಾಗುತ್ತದೆ, ಸಂದೇ ಇಲ್ಲದಿದ್ದರೆ ಎಡಕ್ಕೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ. ಬಿಗಿ ಅನಿಸಿದರೆ ಅಲ್ಲಿಗೇ ನಿಲ್ಲಿಸಿ, ಗೊತ್ತಿರುವವರಿಗೆ ಕೊಡಿ.

ಇಂಟೊನೇಷನ್ ಅಂದರೆ ಹೀಗೆ: ಹನ್ನೆರಡನೇ ಫ್ರೆಟ್ ಮೇಲೆ ತಂತಿಯನ್ನು ಬರೀ ಸೋಕಿ ಹಾರ್ಮಾನಿಕ್ ತೆಗೆಯಿರಿ, ಆಮೇಲೆ ಅಲ್ಲೇ ಒತ್ತಿ ನುಡಿಸಿ. ಟ್ಯೂನರ್ ಎರಡಕ್ಕೂ ಒಂದೇ ಜಾಗ ತೋರಿಸಬೇಕು. ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜ್‌ನಲ್ಲಿ ಆ ತಂತಿ ಕೂರುವ ಸಣ್ಣ ತುಂಡನ್ನು, ಅಂದರೆ ಸ್ಯಾಡಲನ್ನು, ಸ್ಕ್ರೂನಿಂದ ಹಿಂದಕ್ಕೆ ಸರಿಸಿ, ಇಳಿದಿದ್ದರೆ ಮುಂದಕ್ಕೆ. ಇದನ್ನು ಮನೆಯಲ್ಲೇ ಮಾಡಬಹುದು. ಹಳೆಯ ತಂತಿಯಲ್ಲಿ ಮಾತ್ರ ಮಾಡಬೇಡಿ, ಲೆಕ್ಕ ಸಿಗುವುದಿಲ್ಲ.

11. ನಮ್ಮ ಹವೆ

ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ತಂತಿಗೆ ಬೇಗ ತುಕ್ಕು ಹಿಡಿಯುತ್ತದೆ. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ತಂತಿಯ ಮೇಲೂ ಕೆಳಗೂ ಒರೆಸಿ. ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಕೋಟಿಂಗ್ ಇರುವ ತಂತಿಗೆ ದುಡ್ಡು ಜಾಸ್ತಿ, ಕರಾವಳಿಯಲ್ಲಿ ಅದು ದಂಡವಲ್ಲ.

ಕಲಬುರಗಿ, ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ತೊಂದರೆ ಬೇರೆ. ಫ್ರೆಟ್‌ಬೋರ್ಡಿನ ಮರ ಒಣಗಿ ಕುಗ್ಗುತ್ತದೆ, ಲೋಹದ ಫ್ರೆಟ್ ಕುಗ್ಗುವುದಿಲ್ಲ. ಹಿಂದಿನ ತಿಂಗಳು ನುಣುಪಾಗಿದ್ದ ನೆಕ್ಕಿನ ಬದಿ ಏಪ್ರಿಲ್‌ನಲ್ಲಿ ಇದ್ದಕ್ಕಿದ್ದಂತೆ ಚುಚ್ಚಲು ಶುರುವಾದರೆ ಇದೇ ಕಾರಣ. ಕಪ್ಪು ಕಂದು ಬಣ್ಣದ, ಪಾಲಿಶ್ ಇಲ್ಲದ ಫ್ರೆಟ್‌ಬೋರ್ಡ್ ಆದರೆ ತಂತಿ ಬದಲಿಸುವಾಗ ಒಂದೆರಡು ಹನಿ ಮಿನರಲ್ ಆಯಿಲ್ ಹಚ್ಚಿ ಒರೆಸಿಬಿಡಿ. ಕೊಬ್ಬರಿ ಎಣ್ಣೆ ಬೇಡ, ಅದು ಕಮಟುತ್ತದೆ. ಮೇಪಲ್‌ನ ಬಿಳಿ ಫ್ರೆಟ್‌ಬೋರ್ಡಿಗೆ ಪಾಲಿಶ್ ಇರುತ್ತದೆ, ಎಣ್ಣೆ ಬೇಕಿಲ್ಲ. ಕಾರಿನ ಡಿಕ್ಕಿಯಲ್ಲಿ ಮಧ್ಯಾಹ್ನ ಗಿಟಾರ್ ಬಿಡುವುದು ಎಲ್ಲ ಊರಿನಲ್ಲೂ ಬೇಡ.

ಹವೆ ಬದಲಾದಾಗ ನೆಕ್ ಕೂಡ ಸ್ವಲ್ಪ ಬಾಗುತ್ತದೆ. ಮಳೆಗಾಲ ಮುಗಿದ ಮೇಲೆ ಒಂದು ಸಲ, ಬೇಸಿಗೆಯ ನಡುವೆ ಇನ್ನೊಂದು ಸಲ ಆ ವಿಸಿಟಿಂಗ್ ಕಾರ್ಡ್ ಪರೀಕ್ಷೆ ಮಾಡಿ. ತಂತಿ ಬದಲಿಸುವುದನ್ನೂ ಅದೇ ಹೊತ್ತಿಗೆ ಇಟ್ಟುಕೊಂಡರೆ ಎರಡೂ ಕೆಲಸ ಒಟ್ಟಿಗೆ ಮುಗಿಯುತ್ತದೆ. ದಿನಾ ನುಡಿಸುವವರು ಎರಡು ಮೂರು ತಿಂಗಳಿಗೊಮ್ಮೆ ತಂತಿ ಬದಲಿಸಿ.